ಅಂಗೈ ಕಾರಿಗೆ ಲಿಂಬೆಹಣ್ಣು

ಅಪ್ಪಯ್ಯಾ,

ಶಿರಸಿಗೆ ಹೊರಟೆ. ದೋಸೆ ಹಿಟ್ಟು ಫ್ರಿಜ್ಜಿನಲ್ಲಿದೆ. ಚಟ್ನಿ ಬೇಕಾದರೆ ನೀನೇ ರುಬ್ಬಿಕೋ. ನನಗೆ ನಿನ್ನ ಹತ್ತಿರ ಮಾತಾಡುವ ಮನಸ್ಸಿಲ್ಲ.

ಹಳೇ ಕೊಡೆಯ ಕಡ್ಡಿಯಿಂದ ಅಚ್ಚು, ಕೆಟ್ಟ ಟೇಪ್ ರೆಕಾರ್ಡರಿನ ಗಾಲಿ, ನೀನು ಬಿಟ್ಟ ಕನ್ನಡಕದ ಗಾಜು ಎಲ್ಲ ಸೇರಿಸಿ, ಯಾವ ಕಂಪನಿಯೂ ಮಾಡದ ಕಾರೊಂದನ್ನು ಅಂಗೈಯಗಲಕ್ಕೆ ಕಟ್ಟಿದ್ದೆ. "ಎಂತಕ್ಕೆ ಈ ಗುಜರಿ ಎಲ್ಲ ಒಟ್ಟು ಮಾಡ್ತೆ ಕೂಸೇ?" ಎಂದು ಮಳೆಗಾಲವಿಡೀ ಬೈದವನು ನೀನು. ನಿನ್ನೆ ಆಯುಧ ಪೂಜೆಗೆ ಅದನ್ನೂ ನಿನ್ನ ಸ್ಕೂಟರಿನ ಪಕ್ಕ ಇಟ್ಟು, ಹಸಿ ಬಣ್ಣದ ಮೇಲೆ ಕುಂಕುಮ ಹಚ್ಚಿ, ಗಾಲಿಗಿಂತ ದೊಡ್ಡ ಲಿಂಬೆಹಣ್ಣು ಅಡಿಗಿಟ್ಟು ಒತ್ತಿ ದೂಡಿದೆಯಲ್ಲ! ಹಣ್ಣಿಗೆ ಏನೂ ಆಗಲಿಲ್ಲ, ಅಚ್ಚು ಮುರಿಯಿತು. ಕೇಳಿದರೆ, "ಗಾಡಿ ಅಂದ್ಮೇಲೆ ಲಿಂಬೆಹಣ್ಣಿನ ಮೇಲೆ ಹತ್ತಿಸವು" ಅಂತೆ, ಹತ್ತಿಸಲೇಬೇಕಂತೆ!

ಕುಂಕುಮ ಒರೆಸಲು ಹೋಗಬೇಡ, ಇನ್ನಷ್ಟು ಕೆಡುತ್ತದೆ. ಹೊಸ ಅಚ್ಚಿಗೆ ನಿನ್ನ ಒಳ್ಳೇ ಕೊಡೆಯ ಕಡ್ಡಿಯನ್ನೇ ಕಿತ್ತುಕೊಂಡಿದ್ದೇನೆ. ಮಳೆ ಬಂದರೆ ನೆನೆ.

ಗುಜರಿ ಎಂದು ಬೈದಷ್ಟು ದಿನವೂ ಗಟ್ಟಿಯಾಗಿಯೇ ಇತ್ತು. ಗಾಡಿ ಎಂದು ನೀನು ಒಪ್ಪಿದ ದಿನವೇ ಮುರಿಯಬೇಕೇ?

ಅಭಿಜ್ಞಾ