ಗುರುವಾರದ ಊಟ

ಅಂಬೇವಾಡಿ, ದಾಂಡೇಲಿ
2 ಡಿಸೆಂಬರ್ 2024, ಸೋಮವಾರ

ಪ್ರೀತಿಯ ಸ್ವಪ್ನಾ,

ಹೇಗಿದ್ದೀಯ ಅಂತ ಕೇಳಿದರೆ ಆರಾಮ ಅಂತಲೇ ಹೇಳುತ್ತೀಯ, ಅದಕ್ಕೇ ಕೇಳುವುದಿಲ್ಲ. ಮೂರು ತಿಂಗಳು ನಾನೇ ಮಾತು ಬಿಟ್ಟಿದ್ದೆ, ತಪ್ಪು ನನ್ನದೇ. ಈಗ ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಹಾಗಾಗಿ ಅಂಬಿಕಾನಗರಕ್ಕೆ ಈ ಪತ್ರ. ಹರಿದು ಹಾಕುವ ಮುಂಚೆ ಒಮ್ಮೆ ಓದು.

ಇಲ್ಲಿ ಮದುವೆ ಸೀಸನ್, ಅಂಗಡಿ ತುಂಬ ಬ್ಲೌಸುಗಳ ರಾಶಿ. ನಮ್ಮವರು ಹಳೇ ಮಷೀನಿಗೆ ಮೋಟಾರು ಹಾಕಿಸಿಕೊಟ್ಟಿದ್ದಾರೆ. ಪಕ್ಕದ ಮನೆ ಈರಕ್ಕನ ಮಗಳಿಗೆ ಹೆಣ್ಣು ಹುಟ್ಟಿದೆ.

ನನ್ನ ಸಿಟ್ಟು ಯಾಕೆಂದು ನಿನಗೆ ಗೊತ್ತು. ಹೈಸ್ಕೂಲಿನ ಲಂಗದಿಂದ ಮದುವೆಯ ಬ್ಲೌಸಿನವರೆಗೆ ನಿನಗೆ ಹೊಲಿದವಳು ನಾನು. ಆಗಸ್ಟಿನಲ್ಲಿ ನೀನು ಹಳಿಯಾಳದ ಲಕ್ಷ್ಮಿಯ ಹತ್ತಿರ ಹೊಲಿಸುತ್ತಿದ್ದೀಯ ಅಂತ ತಿಳಿದಾಗ ಮೈ ಉರಿದುಹೋಯಿತು. ನನ್ನ ಹೊಲಿಗೆ ಬೇಡವಾಯಿತು ಅಂದುಕೊಂಡು ಮೂತಿ ತಿರುವಿದೆ. ನನ್ನ ಅಳತೆ ಟೇಪಿಗೆ ಹೆದರಿದ್ದೀಯ ಅಂತ ಹೊಳೆಯಲೇ ಇಲ್ಲ.

ಮೊನ್ನೆ ಶುಕ್ರವಾರ ನಿಮ್ಮವ್ವ ಶಂಕ್ರವ್ವ ಮೌಳಂಗಿಯಿಂದ ಬಂದರು. ಒಂದು ಕೈಯಲ್ಲಿ ಲಕ್ಷ್ಮಿ ಹೊಲಿದ ನಿನ್ನ ದೀಪಾವಳಿಯ ಹಸಿರು ಬ್ಲೌಸು, ಇನ್ನೊಂದರಲ್ಲಿ ಡಬ್ಬಿ ತುಂಬ ಶೇಂಗಾ ಹೋಳಿಗೆ. "ಈ ಜಂಪರ ಸಡ್ಲ ಆಗೇತಂತವಾ. ಹಳಿಯಾಳಕ ಒಯ್ಯಾಕಂತ ನಮ್ಮನ್ಯಾಗ ತೆಗದಿಟ್ಟಿದ್ಲು, ನಾನ ಸುಮ್ಮ ಎತ್ಕೊಂಡ್ ಬಂದ್ನಿ" ಅಂದರು. ಆಮೇಲೆ ಡಬ್ಬಿಯನ್ನು ನನ್ನ ಮಡಿಲಿಗಿಟ್ಟು, "ನಿನ್ನ ಉಪಕಾರ ಹೆಂಗ ತೀರ್ಸಲಿ ಉಮಾ? ಗುರುವಾರಕ್ಕೊಮ್ಮೆ ಬರ್ತಾಳ, ನನ್ನ ಕಡೆ ಒಂದ್ ತುತ್ತೂ ಮುಟ್ಟೂದಿಲ್ಲ. ಉಮಾನ ಮನ್ಯಾಗ ಹೊಟ್ಟಿ ತುಂಬ ಉಂಡು ಬಂದೇನಿ ಅಂತಾಳ. ನೀನರ ಉಣಸ್ತೀಯಲ್ಲ, ಅಷ್ಟ ಸಾಕು" ಅಂದರು.

ನಾನು ಏನೂ ಹೇಳಲಿಲ್ಲ. ತಲೆ ತಗ್ಗಿಸಿ ಬ್ಲೌಸಿನ ಹೊಲಿಗೆ ನೋಡುತ್ತ ಕೂತೆ.

ಸ್ವಪ್ನಾ, ನೀನು ನಮ್ಮ ಮನೆಯಲ್ಲಿ ಊಟ ಮಾಡಿ ವರ್ಷವಾಗುತ್ತ ಬಂತು. ಅಂಗಡಿಗೆ ಬಂದಾಗೆಲ್ಲ, ನಾನು ಏಳುವ ಮೊದಲೇ ನೀನು "ಈಗರ ಅವ್ವನ ಕಡೆ ಉಂಡು ಬಂದೇನಿ" ಅನ್ನುತ್ತಿದ್ದೆ. ನಮ್ಮ ಕಡೆ ಬಂದವರನ್ನು ಉಣ್ಣಿಸದೆ ಯಾರೂ ಕಳಿಸುವುದಿಲ್ಲ. ಇನ್ನೊಬ್ಬರ ಮನೆಯಲ್ಲಿ ಉಂಡಿದ್ದೇನೆ ಅಂದರೆ ಮಾತ್ರ ಬಿಡುತ್ತಾರೆ, ಅದು ನಿನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಮುಂದೆ ಅವ್ವನ ಹೆಸರು, ಅವ್ವನ ಮುಂದೆ ನನ್ನ ಹೆಸರು. ನಿನ್ನ ಗಂಡನಿಗೂ ಫೋನ್ ಮಾಡಿದೆ. ಸಂಜೀವಕುಮಾರ ನಗುತ್ತ, "ಗುರುವಾರ ನಿಮ್ಮಿಬ್ಬರ ಕಡೆನೂ ಉಂಡು ಬಂದು, ಮನ್ಯಾಗ ಏನೂ ಬ್ಯಾಡ ಅಂತಾಳ್ರಿ. ಉಳಿದ ದಿನ ಡಯಟ್. ಭಾರಿ ಸ್ಲಿಮ್ ಆಗ್ಯಾಳ" ಅಂದರು. ಅವರಿಗೆ ಹೆಮ್ಮೆ ಬೇರೆ!

ಅವ್ವ ಹೋದ ಮೇಲೆ ಬ್ಲೌಸ್ ಅಳೆದೆ. ನನ್ನ ಪುಸ್ತಕದಲ್ಲಿ ನಿನ್ನ ಎದೆಯ ಅಳತೆ ಮೂವತ್ತಾರು. ಇದು ಇಪ್ಪತ್ತೊಂಬತ್ತು. ಇದೂ ನಿನಗೆ ಸಡಿಲವೇ?

ಜೂನಿನಲ್ಲಿ ಈರಕ್ಕನ ಬಸುರಿ ಮಗಳ ಕುಬಸದ ಕಾರ್ಯಕ್ಕೆ ನೀನು ಸ್ವೆಟರು ಹಾಕಿಕೊಂಡು ಬಂದಿದ್ದೆ. ಎಲೆಯಲ್ಲಿದ್ದ ಹೋಳಿಗೆಯನ್ನು ಮೆಲ್ಲಗೆ ಕರವಸ್ತ್ರದಲ್ಲಿ ಸುತ್ತಿಕೊಂಡೆ. "ಗಂಡಗ ಒಯ್ಯಾಕತ್ತೀಯೇನ?" ಅಂತ ನಾನು ಎಲ್ಲರೆದುರು ಕಾಡಿಸಿದೆ. ನೀನೂ ನಕ್ಕೆ. ಆ ನಗುವನ್ನು ನೆನೆದರೆ ಈಗ ಕೆನ್ನೆಗೆ ಹೊಡೆದಂತಾಗುತ್ತದೆ. ಲಕ್ಷ್ಮಿಯ ಹತ್ತಿರ ಹೋಗಿದ್ದು ಬಿಡು. ನಮ್ಮ ಮನೆಯ ಊಟದ ಹೆಸರು ಹೇಳಿಕೊಂಡು ನೀನು ಹಸಿದಿದ್ದೆಯಲ್ಲ, ಅದು ಮೋಸ. ಇಪ್ಪತ್ತು ವರ್ಷದ ಗೆಳತಿಗೆ ಮಾಡುವ ಮೋಸವಲ್ಲ ಅದು.

ಇದು ಬೇನೆಯಿರಬಹುದು ಅಂತಲೂ ಅನ್ನಿಸುತ್ತದೆ. ನನ್ನ ಗಿರಾಕಿ ಒಬ್ಬರು ನರ್ಸ್, ನಿನ್ನ ಹೆಸರು ಎತ್ತದೆ ಅವರನ್ನು ಕೇಳಿದೆ. "ಬೈದು ಉಣಸಾಕ ಹೋಗಬ್ಯಾಡ್ರಿ, ಡಾಕ್ಟರ್‌ಗೆ ತೋರಸ್ರಿ, ತಡಾ ಮಾಡಬ್ಯಾಡ್ರಿ" ಅಂದರು. ಇಂಥದ್ದನ್ನೇ ನೋಡುವ ಡಾಕ್ಟರಮ್ಮ ಒಬ್ಬರು ಧಾರವಾಡದಲ್ಲಿದ್ದಾರಂತೆ. ಬರುವ ಗುರುವಾರ ಬೆಳಗಿನ ಬಸ್ಸಿಗೆ ಬಾ, ದಾಂಡೇಲಿ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಊಟ ಮಾಡು ಅಂತ ಒಮ್ಮೆಯೂ ಅನ್ನುವುದಿಲ್ಲ, ಆಣೆ.

ಉಳವಿಯ ಚನ್ನಬಸವಣ್ಣ ನಿನ್ನನ್ನು ಕಾಯಲಿ. ನೂರು ವರ್ಷ ಬಾಳು, ನನ್ನ ಬೈಗುಳ ಕೇಳಿಕೊಂಡು.

ಸಿಟ್ಟು ಇನ್ನೂ ಇಳಿಯದ,
ನಿನ್ನ ಉಮಾಶ್ರೀ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಿಮ್ಮವ್ವನ ಮುಂದೆ ನಾನು ಸುಮ್ಮನೆ ಕೂರಲಿಲ್ಲ. "ನಿನ್ನ ಕಡೆ ಏನ್ ಉಣ್ತಾಳ, ಹೇಳವಾ. ನಾನೂ ಅದನ್ನ ಮಾಡ್ತೇನಿ" ಅಂತ ಕೇಳಿದರು. ಆ ಮುಖ ನೋಡಿ ನಿಜ ಹೇಳಲು ಆಗಲಿಲ್ಲ. "ಎರಡ ರೊಟ್ಟಿ, ಮೆಂತೆ ಪಲ್ಯ ಉಣ್ತಾಳ್ರಿ. ಮೂರನೇದು ಹಾಕಾಕ ಹೋದ್ರ ಕೈ ಅಡ್ಡ ಹಿಡೀತಾಳ್ರಿ" ಅಂದೆ. ಅವರು ನಕ್ಕೇ ಬಿಟ್ಟರು. "ಸಣ್ಣಾಕಿ ಇದ್ದಾಗಿಂದ ಹಂಗ ಆಕಿ" ಅಂತ ಕಣ್ಣೊರೆಸಿಕೊಂಡು, ನನ್ನ ಎರಡೂ ಕೈಗಳನ್ನು ಹಿಡಿದು ಹಣೆಗೆ ಒತ್ತಿಕೊಂಡರು. ಗುರುವಾರ ಧಾರವಾಡಕ್ಕಿಂತ ಮೊದಲು ಮೌಳಂಗಿಗೆ ಹೋಗೋಣ. ನಾನು ಹೇಳಿದ್ದು ಸುಳ್ಳು ಅಂತ ನಾನೇ ಹೇಳುತ್ತೇನೆ. ನೀನು ಪಕ್ಕದಲ್ಲಿ ನಿಂತಿರು ಸ್ವಪ್ನಾ, ಒಬ್ಬಳೇ ಹೋಗಿ ಹೇಳುವ ಧೈರ್ಯ ನನಗಿಲ್ಲ.