ಬಾಗಿಲ ಹತ್ತಿರದ ಕುರ್ಚಿ

ಮಾರ್ಚ್ 3, ಸೋಮವಾರ

ನಿನ್ನೆ ನಡೆಸಿಕೊಟ್ಟ ಮದುವೆಯ ಸುಸ್ತು ಇನ್ನೂ ಮೊಣಕಾಲಲ್ಲೇ ಇದೆ. ಸ್ಟೇಜಿನ ಹೂವು ಮಧ್ಯಾಹ್ನಕ್ಕೇ ಬಾಡಿಹೋಯಿತು — ಫ್ಯಾನು ನೇರ ಅದರ ಮೇಲೇ. ಮೊದಲು ಫ್ಯಾನ್ ಎಲ್ಲಿದೆ ನೋಡಬೇಕು, ಆಮೇಲೆ ಹೂವು. ಇದನ್ನು ಎಷ್ಟು ಸಲ ಬರೆದುಕೊಂಡಿದ್ದೇನೋ. "ಅಕ್ಕ, ಹೂವು ಬಾಡಿದ್ದು ಯಾರೂ ನೋಡ್ಲಿಲ್ಲ. ಊಟ ಲೇಟಾಗಿದ್ದು ಎಲ್ರೂ ನೋಡಿದ್ರು" ಅಂದಳು ಗುಂಡುಸೂಜಿ. ನನ್ನ ಅಸಿಸ್ಟೆಂಟು. ಸದಾ ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಮಾತಾಡುತ್ತಾಳೆ, ಅದಕ್ಕೇ ಆ ಹೆಸರು.

ಸಂಜೆ ಅಪ್ಪ ಆಫೀಸಿಗೇ ಬಂದರು. ಬಂದವರೇ ಬಾಗಿಲು ಹಾಕಿದರು. ಡಾಕ್ಟರ ರಿಪೋರ್ಟೇನೋ ಎಂದುಕೊಂಡೆ. ಅಲ್ಲ. ಇಪ್ಪತ್ತೊಂಬತ್ತಕ್ಕೆ ಅವರ ಮದುವೆಗೆ ನಲವತ್ತು ವರ್ಷವಂತೆ. ಪಾರ್ಟಿ ಬೇಕಂತೆ.

"ಊರಿಗೆಲ್ಲ ಮಾಡ್ತೀಯ. ನಮಗೊಂದು ಮಾಡು. ಆದ್ರೆ ಸರ್ಪ್ರೈಸು. ನಿಮ್ಮಮ್ಮಂಗೆ ಸುಳಿವೂ ಸಿಗಬಾರ್ದು."

ಲೈಟಿಂಗ್ ಪೂರ್ತಿ ತಾವೇ ಮಾಡುತ್ತಾರಂತೆ. ಮೂವತ್ತೈದು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. ರಿಟೈರ್ ಆದ ಮೇಲೆ ಇಷ್ಟು ಹೊಳೆಯುವ ಮುಖ ನೋಡಿರಲಿಲ್ಲ. ಸರ್ಪ್ರೈಸ್ ಪಾರ್ಟಿಯಲ್ಲಿ ಗುಟ್ಟು ಬಿಟ್ಟುಕೊಡುವುದಿಲ್ಲ, ಅದು ನನ್ನ ಕಸುಬಿನ ಮೊದಲ ನಿಯಮ. ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಖುಷಿಯಾಗಿದೆ. ನಿಜವಾಗಿಯೂ.

ಮಾರ್ಚ್ 6, ಗುರುವಾರ

ಅಪ್ಪ ಅಮ್ಮನ ಮನೆಗೆ ಹೋಗಿದ್ದೆ. ಹಾಲ್ ಬುಕ್ ಮಾಡಿ, ಮುಂಗಡ ಕೊಟ್ಟು, ಸೀದಾ ಅಲ್ಲಿಗೇ. ಅಮ್ಮ ಹೊಲಿಗೆ ಕೋಣೆಯಲ್ಲಿದ್ದಳು. ನಾಲ್ಕು ವರ್ಷದಿಂದ ಮಲಗುವುದೂ ಅಲ್ಲೇ — ಅಪ್ಪನ ಗೊರಕೆ ಎನ್ನುತ್ತಾಳೆ. ನಾನೂ ಗೊರಕೆಯೇ ಎಂದುಕೊಂಡಿದ್ದೆ. ಪೆದ್ದಿ.

ದಾರ ಪೋಣಿಸುತ್ತಲೇ ಹೇಳಿದಳು. "ಮೂವತ್ತನೇ ತಾರೀಕು ಚಿಕ್ಕಮ್ಮನ ಮನೆಗೆ ಹೋಗ್ತಿದೀನಿ. ಅವಳ ಮಹಡಿ ರೂಮು ಖಾಲಿಯಾಗಿದೆ."

"ಎಷ್ಟು ದಿನಕ್ಕೆ?"

"ಇರೋಕೆ."

ಜಗಳವಾ ಎಂದೆ. ನಕ್ಕಳು. "ಜಗಳ ಆಡೋಕೆ ಮೊದ್ಲು ವಿಷಯ ಗೊತ್ತಿರ್ಬೇಕಲ್ಲ. ನಂಗೆ ಯಾವತ್ತು ಮೊದ್ಲು ಗೊತ್ತಾಗಿದೆ? ಮನೆ ಬದಲಾಯಿಸಿದ್ದು ಲಾರಿ ಬಂದು ನಿಂತ ಮೇಲೆ ಗೊತ್ತಾಯ್ತು. ನನಗೆ ಸ್ಕೂಲಲ್ಲಿ ಹೊಲಿಗೆ ಟೀಚರ್ ಕೆಲಸ ಸಿಕ್ಕಿತ್ತು ಕಣೇ, ಅದೇ ವಾರ. ಆಮೇಲೆ ನಮ್ಮಮ್ಮನ ಮಿಷನ್ ಮಾರಿ ಕರೆಂಟಿನ ಮಿಷನ್ ತಂದ್ರು. ರಿಬ್ಬನ್ ಕಟ್ಟಿ ತಂದ್ರು. ಕೆಟ್ಟವರಲ್ಲ ನಿಮ್ಮಪ್ಪ. ಕೇಳಲ್ಲ, ಅಷ್ಟೇ. ಒಂದು ಸಲಾನೂ ಕೇಳ್ಲಿಲ್ಲ."

ಅಪ್ಪನಿಗೆ ಹೇಳಬಾರದಂತೆ. ಹೇಳಿದರೆ ತಡೆಯಲು ಇನ್ನೊಂದು ಸರ್ಪ್ರೈಸ್ ತರುತ್ತಾರಂತೆ. "ಒಂದ್ಸಲ ನಂದೂ ಇರ್ಲಿ ಬಿಡು" ಎಂದಳು.

ಅವಳಿಗೂ ಮಾತು ಕೊಟ್ಟು ಬಂದೆ. ಅದೇ ಕೈ.

ಮಾರ್ಚ್ 7

ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದೇನೆ. ಅಪ್ಪನಿಗೆ ಹೇಳಿದರೆ ಅಮ್ಮನಿಗೆ ದ್ರೋಹ. ಅಮ್ಮನಿಗೆ ಹೇಳಿದರೆ ಅಪ್ಪನಿಗೆ. ಇಬ್ಬರಿಗೂ ಹೇಳಿದರೆ... ಇಬ್ಬರಿಗೂ ಹೇಳದಿದ್ದರೆ...

ಬೇರೆಯವರ ಮನೆಯಾಗಿದ್ದರೆ ಎರಡು ಮೀಟಿಂಗಿನಲ್ಲಿ ಮುಗಿಸಿರುತ್ತಿದ್ದೆ.

ಮಾರ್ಚ್ 11, ಮಂಗಳವಾರ

ಅಪ್ಪ ನಕ್ಷೆ ಹಿಡಿದುಕೊಂಡು ಬಂದರು. ನಲವತ್ತು ಬಲ್ಬಿನ ಸರ, ವರ್ಷಕ್ಕೊಂದು. ಪ್ರತಿ ಬಲ್ಬಿನ ಕೆಳಗೆ ಆ ವರ್ಷದ ಫೋಟೋ. ಅಮ್ಮ ಬಾಗಿಲಲ್ಲಿ ಕಾಲಿಟ್ಟಾಗ ಪೂರ್ತಿ ಕತ್ತಲೆ, ಆಮೇಲೆ ಒಂದೊಂದಾಗಿ ಹತ್ತಬೇಕು. ಬಾಡಿಗೆ ಸೀರಿಯಲ್ ಸೆಟ್ ಬೇಡವಂತೆ, ಪ್ರತಿ ಹೋಲ್ಡರಿಗೂ ತಾವೇ ವೈರ್ ಹಾಕುತ್ತಾರೆ. ಎಷ್ಟು ಚೆಂದದ ಐಡಿಯಾ. ಹಾಳಾದ್ದು, ನನಗೇ ಹೊಳೆದಿರಲಿಲ್ಲ.

ಧೈರ್ಯ ಮಾಡಿ ಹೇಳಿದೆ. "ಅಪ್ಪ, ಅಮ್ಮನ್ನ ಒಂದ್ಮಾತು ಕೇಳ್ಬಿಡೋಣ. ಅವಳಿಗೆ ಗದ್ದಲ ಆಗಲ್ಲ."

"ಕೇಳಿದ್ರೆ ಸರ್ಪ್ರೈಸ್ ಎಲ್ಲಿ ಉಳೀತು ಪುಟ್ಟಿ?"

"ಸರ್ಪ್ರೈಸ್ ಬೇಡ ಅಂದ್ರೆ?"

ನನ್ನನ್ನೇ ನೋಡಿದರು. ನಾನು ಹಾಲೇ ಇಲ್ಲದೆ ಟೀ ಕೊಟ್ಟ ಹಾಗೆ. "ನಿಮ್ಮಮ್ಮ ಯಾವತ್ತು ಬೇಡ ಅಂದಿದಾಳೆ? ನಲವತ್ತು ವರ್ಷದಲ್ಲಿ ಒಂದು ಸಲ?"

ಅಂದಿಲ್ಲ. ಅದೇ ತಾನೇ. ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಫ್ಯೂಸ್ ವಿಷಯ ಶುರು ಮಾಡಿದರು — ಎರಡು ಎಕ್ಸ್‌ಟ್ರಾ ಜೇಬಲ್ಲಿಟ್ಟುಕೊಳ್ಳಬೇಕಂತೆ. ಬರೆದುಕೊಂಡೆ. ಬರೆದುಕೊಳ್ಳುವುದೊಂದು ಬರುತ್ತದೆ ನನಗೆ.

ಮಾರ್ಚ್ 15, ಶನಿವಾರ

ತಪ್ಪು ಮಾಡಿದೆನೇನೋ. ಟೇಬಲ್ ಬಟ್ಟೆ ಹೊಲಿಯಲು ಅಮ್ಮನಿಗೇ ಕೊಟ್ಟೆ. ನಮ್ಮ ಎಲ್ಲಾ ಆರ್ಡರಿಗೂ ಅವಳೇ ಹೊಲಿಯುವುದು. ಬೇರೆಯವರಿಗೆ ಕೊಟ್ಟರೆ ಯಾಕೆ ಎಂದು ಕೇಳುತ್ತಾಳೆ.

"ಯಾರದ್ದು?"

"ವಯಸ್ಸಾದ ದಂಪತಿ. ನಲವತ್ತು ವರ್ಷ." ಅವಳ ಮುಖ ನೋಡಿದೆ, ಏನೂ ಇಲ್ಲ. ಅವಳಿಗೆ ತನ್ನ ಮದುವೆಯ ವರ್ಷದ ಲೆಕ್ಕವೇ ಇಲ್ಲವೋ, ಅಥವಾ ಇಟ್ಟುಕೊಂಡಿಲ್ಲವೋ.

"ಆಕೆಗೆ ಗೊತ್ತಾ?"

"ಇಲ್ಲ. ಗಂಡ ಸರ್ಪ್ರೈಸ್ ಮಾಡ್ತಿದಾರೆ."

"ಪಾಪ" ಎಂದಳು. ಸ್ವಲ್ಪ ಹೊತ್ತು ಹೊಲಿದಳು. ಆಮೇಲೆ ಒಂದೊಂದಾಗಿ ಹೇಳತೊಡಗಿದಳು. ಟೇಬಲ್ ಬಟ್ಟೆ ಅಂಚಿಗೆ ಚಿಕ್ಕ ಜೇಬು ಹೊಲೀತೀನಿ, ವಯಸ್ಸಾದವರು ಕನ್ನಡಕ ಎಲ್ಲಿಟ್ಕೋಬೇಕು ಊಟ ಮಾಡುವಾಗ? ಸ್ಪೀಕರ್ ಮುಂದೆ ಅಜ್ಜಿಯರನ್ನ ಕೂರಿಸ್ಬೇಡ. ಕಾರ್ಡಲ್ಲಿ ಅಕ್ಷರ ದಪ್ಪ ಇರ್ಲಿ. ಇಷ್ಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಜೇಬಿನ ವಿಷಯ ತಲೆಗೆ ಬಂದಿರಲಿಲ್ಲ.

"ಆಕೆಗೆ ಸ್ಟೇಜ್ ಮೇಲೆ ಸಿಂಹಾಸನ ಹಾಕ್ಬೇಡ ಕಣೇ. ಬೆನ್ನಿಗೆ ಒರಗೋಕೆ ಆಗೋ ಒಂದು ಸಾದಾ ಕುರ್ಚಿ. ಬಾಗಿಲ ಹತ್ತಿರ ಇರ್ಲಿ."

"ಬಾಗಿಲ ಹತ್ತಿರ ಯಾಕಮ್ಮ?"

"ಸಾಕು ಅನ್ಸಿದಾಗ ಎದ್ದು ಗಾಳಿಗೆ ಹೋಗ್ಬೋದು. ಯಾರನ್ನೂ ದಾಟ್ಕೊಂಡು ಹೋಗೋ ಹಾಗಿರಲ್ಲ."

ಅಳು ಬಂತು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಾರ್ಚ್ 24, ಸೋಮವಾರ

ಬರೆಯಲು ಆಗಲೇ ಇಲ್ಲ. ಬರೆದರೆ ಯೋಚಿಸಬೇಕು.

ಗುಂಡುಸೂಜಿಗೆ ಎಲ್ಲಾ ಹೇಳಿಬಿಟ್ಟೆ. ಪಿನ್ನುಗಳನ್ನು ಬಾಯಿಂದ ತೆಗೆದು ಟೇಬಲ್ ಮೇಲಿಟ್ಟಳು — ಅಷ್ಟು ಗಂಭೀರ. "ಅಕ್ಕ, ಯಾರಿಗಾದ್ರೂ ಒಬ್ರಿಗೆ ಹೇಳ್ಬಿಡಿ. ಅವರು ನಿಮ್ಮ ಕಸ್ಟಮರಲ್ಲ, ಅಪ್ಪ ಅಮ್ಮ."

ಸರಿ ಎಂದು ಎದ್ದು ಹೊರಟೆ. ಅಪ್ಪ ಆಗಲೇ ಹಾಲಿನಲ್ಲಿದ್ದರು, ಏಣಿಯ ಮೇಲೆ, ಕೊಕ್ಕೆ ಅಳತೆ ಮಾಡುತ್ತ. "ಬಂದ್ಯಾ? ಕೆಳಗಿಂದ ನೋಡಿ ಹೇಳು, ನೇರ ಇದೆಯಾ." ಏಣಿ ಹಿಡಿದುಕೊಂಡು ನಿಂತೆ. ಅವರ ಚಪ್ಪಲಿಯ ಅಟ್ಟೆ ಸವೆದದ್ದು ನನ್ನ ಮೂಗಿನ ನೇರಕ್ಕೆ. ಮೇಲಿರುವವರಿಗೆ ಹೇಗೆ ಹೇಳಲಿ? ಇಳಿದ ಮೇಲೆ ಹೇಳೋಣ ಎಂದುಕೊಂಡೆ. ಇಳಿದವರೇ ಫೋಟೋ ಕವರ್ ಬಿಚ್ಚಿದರು. ಪ್ರತಿ ಫೋಟೋದಲ್ಲೂ ಅಮ್ಮ ನಗುತ್ತಿದ್ದಾಳೆ. ಹುಡುಕಿ ಹುಡುಕಿ ನಗುವುದನ್ನೇ ಆರಿಸಿದ್ದಾರೆ.

"ನೇರ ಇದೆ ಅಪ್ಪ" ಎಂದೆ. ಅಷ್ಟೇ ಹೇಳಿ ಬಂದೆ.

ಮಾರ್ಚ್ 27

ಅಮ್ಮನಿಗೆ ಫೋನ್ ಮಾಡಿದೆ. ಒಂದು ವಾರ ತಡಿ ಎಂದೆ. ಯಾಕೆ ಎಂದಳು. ಸುಮ್ಮನೆ ಎಂದೆ. "ನಿನಗೂ ಗಾಬರಿಯಾಗಿದೆ, ಅಲ್ವಾ?" ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಮಾರ್ಚ್ 29, ಶನಿವಾರ, ಬೆಳಿಗ್ಗೆ

ಬಂದವರ ಗಾಡಿ ಹಿಂದಿನ ರಸ್ತೆಯಲ್ಲಿ ನಿಲ್ಲಬೇಕು, ಮುಂದೆ ನಿಂತರೆ ಗುಟ್ಟು ರಟ್ಟು. ಕೇಕ್ ಗೋಡೆಯ ಕಡೆ. ಮಕ್ಕಳ ಮೂಲೆ ಬಾತ್‌ರೂಮಿನ ಹತ್ತಿರ. ಫೋನ್ ಲೈಟು ಆಫ್. ಎಲ್ಲಾ ಸರಿಯಿದೆ. ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೇನೆ.

ಸ್ಟೇಜಿನ ಮೇಲಿನ ಎರಡು ದೊಡ್ಡ ಕುರ್ಚಿ ತೆಗೆಸಿದೆ. ಬಾಗಿಲ ಹತ್ತಿರ ಒಂದು ಸಾದಾ ಕುರ್ಚಿ ಹಾಕಿಸಿದೆ. "ಇಲ್ಯಾಕೆ?" ಎಂದರು ಅಪ್ಪ. ಗಾಳಿ ಬರುತ್ತೆ ಎಂದೆ. ಪಕ್ಕದಲ್ಲಿ ತಮಗೂ ಒಂದು ಎಳೆದು ಹಾಕಿಕೊಂಡರು.

ಅಮ್ಮನಿಗೆ ಸುಳ್ಳು ಹೇಳಿದ್ದಾಯಿತು. ಒಂದು ಬಟ್ಟೆಯ ಅಂಚು ಬಿಚ್ಚಿಹೋಗಿದೆ, ಆರೂವರೆಗೆ ಹಾಲಿಗೆ ಬಾ, ಐದು ನಿಮಿಷದ ಕೆಲಸ.

ಮಾರ್ಚ್ 29, ಸಂಜೆ. ಸ್ಟೋರ್ ರೂಮಿನಲ್ಲಿ

ಹೊರಗೆ ಊಟ ನಡೆದಿದೆ. ಎರಡು ನಿಮಿಷ ಇಲ್ಲಿ ಕೂರುತ್ತೇನೆ.

ಬಂದಳು. ಸೂಜಿದಾರದ ಡಬ್ಬಿ ಹಿಡಿದುಕೊಂಡು, ಮನೆಯ ಸೀರೆಯಲ್ಲೇ. ಕತ್ತಲೆ. ಮೊದಲ ಬಲ್ಬು ಹತ್ತಿತು, ಆಮೇಲೆ ಎರಡನೆಯದು... ಒಂದೂ ಮಿನುಗಲಿಲ್ಲ, ಒಂದೂ ತಡವಾಗಲಿಲ್ಲ. ಜನ ಚಪ್ಪಾಳೆ ಹೊಡೆದರು. ಅಮ್ಮ ಬಲ್ಬು ನೋಡಲಿಲ್ಲ. ಟೇಬಲ್ ಬಟ್ಟೆಯ ಜೇಬು ನೋಡಿದಳು. ಬಾಗಿಲ ಹತ್ತಿರದ ಕುರ್ಚಿ ನೋಡಿದಳು. ಆಮೇಲೆ ನನ್ನನ್ನು.

"ನೀನೂನಾ?" ಎಂದಳು. ಮೆಲ್ಲಗೆ, ನನಗೊಬ್ಬಳಿಗೇ ಕೇಳುವಷ್ಟು.

ಆಮೇಲೆ ನಕ್ಕಳು. ಫೋಟೋದಲ್ಲಿ ಇದ್ದ ಹಾಗೆಯೇ, ಅದೇ ನಗು. ಕೇಕ್ ಕತ್ತರಿಸಿದಳು, ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸಿದಳು. ಆ ನಗು ಅವಳು ಹೊಲಿದದ್ದು ಎಂದು ಇಷ್ಟು ವರ್ಷ ನನಗೆ ಯಾಕೆ ಗೊತ್ತಾಗಲಿಲ್ಲ?

ಅಪ್ಪ ಮೈಕ್ ಹಿಡಿದರು. ಇದು ಪ್ಲಾನಿನಲ್ಲಿ ಇರಲಿಲ್ಲ. "ಇನ್ನೊಂದು ಸರ್ಪ್ರೈಸ್ ಇದೆ. ಪುಟ್ಟಿಗೂ ಹೇಳಿಲ್ಲ. ಸಮುದ್ರದ ಹತ್ತಿರ ಒಂದು ಪುಟ್ಟ ಮನೆ ನೋಡಿದೀನಿ. ಮಾತುಕತೆ ಮುಗಿದಿದೆ. ಮುಂದಿನ ತಿಂಗಳು ನಾವಿಬ್ರೂ ಅಲ್ಲಿಗೆ."

ಎಲ್ಲರೂ ಎದ್ದು ನಿಂತು ಚಪ್ಪಾಳೆ. ಅಮ್ಮನೂ ಎದ್ದಳು. ಹೊರಗೆ ಹೋದಳು. ಯಾರನ್ನೂ ದಾಟಬೇಕಾಗಿ ಬರಲಿಲ್ಲ. ಗಾಳಿಗೆ ಹೋಗಿದ್ದಾಳೆ ಎಂದುಕೊಂಡರು. ನಾನು ಹಿಂದೆ ಹೋಗಬೇಕಿತ್ತು. ಗುಂಡುಸೂಜಿ ಬಂದು ಐಸ್‌ಕ್ರೀಮ್ ಬಡಿಸಲಾ ಅಂತ ಕೇಳಿದಳು. ಬಡಿಸು ಎಂದೆ.

ಮಾರ್ಚ್ 30, ಭಾನುವಾರ, ಬೆಳಿಗ್ಗೆ

ಅಪ್ಪನ ಮನೆಯ ಅಡುಗೆ ಮನೆಯಲ್ಲಿ ಬರೆಯುತ್ತಿದ್ದೇನೆ. ರಾತ್ರಿ ಅವರಿಬ್ಬರ ಜೊತೆ ಬಂದು ಇಲ್ಲೇ ಉಳಿದಿದ್ದೆ.

ಅಮ್ಮ ಬೆಳಕಾಗುವ ಹೊತ್ತಿಗೆ ಹೋದಳು. ಬ್ಯಾಗು ನಾನೇ ಟ್ಯಾಕ್ಸಿಯವರೆಗೆ ಎತ್ತಿಕೊಟ್ಟೆ. ಹೋಗಬೇಡ ಎನ್ನಲಾಗಲಿಲ್ಲ, ಹೋಗು ಎನ್ನಲೂ ಆಗಲಿಲ್ಲ. "ಕ್ಷಮಿಸಮ್ಮ" ಎಂದೆ. ನನ್ನ ಕೆನ್ನೆ ಸವರಿದಳು. "ಕುರ್ಚಿ ಚೆನ್ನಾಗಿತ್ತು. ಅದೊಂದು ನನ್ನ ಕೇಳಿ ಹಾಕಿದ್ದು." ಹೊಲಿಗೆ ಕೋಣೆಯ ಬಾಗಿಲು ಎಳೆದುಕೊಂಡೇ ಹೋಗಿದ್ದಳು. ತಲುಪಿದ ಮೇಲೆ ಅಪ್ಪನಿಗೆ ತಾನೇ ಫೋನ್ ಮಾಡುತ್ತಾಳಂತೆ.

ಅಪ್ಪ ಈಗ ಎದ್ದು ಬಂದರು. ಟೀ ಮಾಡಿಕೊಟ್ಟೆ. ಮುಟ್ಟಲಿಲ್ಲ.

"ಅವಳು ಇನ್ನೂ ಎದ್ದಿಲ್ವಾ? ಸುಸ್ತಾಗಿರ್ಬೇಕು." ಕಿಟಕಿಯ ಕಡೆ ತಿರುಗಿದರು. "ಪುಟ್ಟಿ, ಮನೆ ವಿಷಯ ಹೇಳಿದಾಗ ಅವಳ ಮುಖ ಒಂಥರಾ ಆಯ್ತು. ನೀನು ನೋಡಿದ್ಯಾ? ರಾತ್ರಿಯಿಡೀ ಅದೇ ಕಣ್ಮುಂದೆ. ಮೊದ್ಲೇ ಕೇಳ್ಬೇಕಿತ್ತೇನೋ... ನೀನು ಒಂದ್ಸಲ ಕೇಳಿ ನೋಡ್ತೀಯಾ, ಅವಳಿಗೆ ಇಷ್ಟ ಆಯ್ತಾ ಅಂತ?"

"ನೀವೇ ಕೇಳಿ ಅಪ್ಪ."

ಯಾಕೆ ಹಾಗೆಂದೆ? ಇಷ್ಟು ದಿನ ಹೇಳಬೇಕೆಂದಿದ್ದ ಮಾತು, ತಾನಾಗಿಯೇ ಬಾಯಿಗೆ ಬಂದುಬಿಟ್ಟಿತು.

ಹೌದು ಎಂದು ತಲೆಯಾಡಿಸಿ ಎದ್ದರು. ಕನ್ನಡಿಯಲ್ಲಿ ತಲೆ ಬಾಚಿಕೊಂಡರು. ಈಗ ಹೊಲಿಗೆ ಕೋಣೆಯ ಬಾಗಿಲು ತಟ್ಟುತ್ತಿದ್ದಾರೆ. ಇಲ್ಲಿಗೆ ಕೇಳಿಸುತ್ತಿದೆ.

"ಏನೇ... ಎದ್ದಿದೀಯಾ? ಒಂದ್ಮಾತು ಕೇಳ್ಬೇಕಿತ್ತು."

ಏಳಬೇಕು. ಹೋಗಿ ಹೇಳಬೇಕು.

ಮತ್ತೆ ತಟ್ಟಿದರು. ಜೋರಾಗಿಯಲ್ಲ, ಎರಡು ಬೆರಳಲ್ಲಿ. "ಅವಸರ ಇಲ್ಲ. ನಿಧಾನಕ್ಕೇ ಹೇಳು. ಬೇಡ ಅಂದ್ರೂ ಪರವಾಗಿಲ್ಲ, ನಾನಿಲ್ಲೇ ಇರ್ತೀನಿ" ಎನ್ನುತ್ತಿದ್ದಾರೆ. ಕುರ್ಚಿ ಎಳೆದ ಸದ್ದು. ಬಾಗಿಲ ಹತ್ತಿರ ಕೂತರು. ನಾನು ಈಗಲೇ ಎದ್ದು —