ಅಳುತ್ತ ಬಂದ ಮಗಳು

ಗದಗ
ನೋವು ನಿಂತ ನೂರಾ ಎರಡನೆಯ ವರ್ಷ, ಯುಗಾದಿಯ ಮರುದಿನ

ನನ್ನ ಮುತ್ತಜ್ಜಿಯ ಮುತ್ತಜ್ಜಿಯರಿಗೆ ಇರಾವತಿ ಮಾಡುವ ಶರಣಾರ್ಥಿ.

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗದು. ನನ್ನ ಕನ್ನಡವೂ ನಿಮಗೆ ಸೊಟ್ಟಗೆ ಕಂಡೀತು, ಹೊಟ್ಟೆಗೆ ಹಾಕಿಕೊಳ್ಳಿ. ‘ನೋವು’ ಎಂಬ ಮಾತಿನ ಅರ್ಥವನ್ನು ನಾನು ಕಲಿತದ್ದೇ ನಿಮ್ಮ ಹಳೆಯ ಪುಸ್ತಕಗಳಿಂದ. ನಮ್ಮಲ್ಲಿ ಅದು ಯಾರಿಗೂ ಇಲ್ಲ. ಗರ್ಭ ಕಟ್ಟುವ ಮೊದಲೇ ಜೀವದ ಬೀಜವನ್ನು ತಿದ್ದುವ ಜಾಗಕ್ಕೆ ತಿದ್ದುಮನೆ ಎನ್ನುತ್ತೇವೆ. ನೋವನ್ನು ಅಲ್ಲಿಯೇ ತೆಗೆದುಬಿಡುತ್ತಾರೆ. ಮೊದಮೊದಲು ತೆಗೆದದ್ದು ಮೂಳೆರೋಗದ ಮನೆತನಗಳಲ್ಲಿ ಮಾತ್ರ, ಮಕ್ಕಳು ಹಗಲೂ ರಾತ್ರಿ ಚೀರುವುದನ್ನು ನೋಡಲಾಗದೆ. ಒಳ್ಳೆಯ ಕೆಲಸವೇ. ಅಷ್ಟಕ್ಕೆ ಸಾಕು ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ನೆರೆಮನೆಯ ಮಗುವಿಗೆ ಇಲ್ಲದ ನೋವು ನಮ್ಮ ಮಗುವಿಗೇಕೆ ಎಂದು ಎಲ್ಲರೂ ಸಾಲು ನಿಂತರು.

ಈಗ ದಿನವೂ ದೀಪ ಹಚ್ಚಿದ ಮೇಲೆ ಮನೆಮನೆಯಲ್ಲಿ ಮೈನೋಟ ನಡೆಯುತ್ತದೆ. ಒಬ್ಬರು ಇನ್ನೊಬ್ಬರ ಬೆನ್ನು, ಅಂಗಾಲು, ನಾಲಿಗೆ, ಬೆರಳ ಸಂದು ಎಲ್ಲ ನೋಡುತ್ತೇವೆ. ರೊಟ್ಟಿ ಬೇಯಿಸುವಾಗ ಹಂಚಿನ ಮೇಲೆ ಕೈ ಇಟ್ಟು ಮರೆತಿದ್ದರೆ ಸುಟ್ಟ ವಾಸನೆಯಿಂದಲೇ ತಿಳಿಯಬೇಕು. ಚಿಕ್ಕ ಮಕ್ಕಳು ಅನ್ನದ ಜೊತೆ ನಾಲಿಗೆಯನ್ನೂ ಅಗಿಯುತ್ತವೆ, ಊಟದ ಹೊತ್ತಿಗೆ ಪಕ್ಕದಲ್ಲೊಬ್ಬರು ಕೂತೇ ಇರಬೇಕು. ನಮ್ಮತ್ತೆ ಶರಣವ್ವನಿಗೆ ಎಡಗೈಯಲ್ಲಿ ಎರಡೇ ಬೆರಳು. ಅವರೇನೂ ಅದಕ್ಕೆ ಕೊರಗುವುದಿಲ್ಲ. ಮೈನೋಟದಲ್ಲಿ ಅವರಷ್ಟು ಚುರುಕು ಓಣಿಯಲ್ಲೇ ಯಾರೂ ಇಲ್ಲ.

ಆದರೆ ಮೈನೋಟಕ್ಕೆ ಹೊಟ್ಟೆಯೊಳಗಿನದು ಕಾಣದು. ನನ್ನ ಮೊದಲ ಮಗ ಸಿದ್ದು, ಕರುಳು ಒಡೆದಿದ್ದರೂ ಸಂಜೆಯವರೆಗೆ ನಗುನಗುತ್ತ ಬುಗುರಿ ಆಡಿದ. ಬೆಳಿಗ್ಗೆ ಏಳಲಿಲ್ಲ. ಆ ಸಿಟ್ಟು ನನಗಿನ್ನೂ ಆರಿಲ್ಲ. ಎರಡನೆಯ ಸಲ ತಿದ್ದುಮನೆಯವರೊಂದಿಗೆ ಜಗಳವಾಡಿ, ನೋವನ್ನು ತೆಗೆಯಕೂಡದೆಂದು ಹಟ ಹಿಡಿದು ಹೂವಿಯನ್ನು ಹೆತ್ತೆ.

ನಿನ್ನೆ, ಈಗಷ್ಟೇ ಹೆಜ್ಜೆ ಇಡುತ್ತಿರುವ ಹೂವಿ ಹೊಸ್ತಿಲು ಎಡವಿ ಬಿದ್ದು ಅಳತೊಡಗಿದಳು. ಹಸಿವಿನ ಅಳು ನಮಗೂ ಗೊತ್ತು, ಇದು ಅದಲ್ಲ. ಅತ್ತೆ ಓಡಿಬಂದು ತಲೆಯಿಂದ ಕಾಲಿನವರೆಗೆ ಹುಡುಕಿದರು. “ಗಾಯಾನೂ ಇಲ್ಲ, ಹಾಲೂ ಕುಡದಾಳ. ಮತ್ಯಾಕ ಅಳಾಕತ್ತಾಳ?” ಆಮೇಲೆ ನನ್ನ ಮುಖ ನೋಡಿ, “ಗೊತ್ತಿದ್ದೂ ಕೂಸಿಗೆ ಇದನ್ನ ಕೊಟ್ಟಿಯಲ್ಲ ಇರಾವತಿ” ಅಂದರು. ಸಿದ್ದುವಿನ ಸಾವಿಗಾಗಿ ಇವಳನ್ನು ಶಿಕ್ಷಿಸಿದೆನೇ? ನೋವು ತೆಗೆದವರು ಮಕ್ಕಳನ್ನು ಕೇಳಲಿಲ್ಲ, ಉಳಿಸಿದ ನಾನೂ ಕೇಳಲಿಲ್ಲ. ಹಲ್ಲು ಪೂರ್ತಿ ಬರುವ ಮೊದಲು ಕರೆತಂದರೆ ಈಗಲೂ ತೆಗೆದುಬಿಡುತ್ತೇವೆ ಎಂದು ತಿದ್ದುಮನೆಯವರು ಹೇಳಿಕಳಿಸಿದ್ದಾರೆ. ನಾಳೆಯೇ ಹೊರಡೋಣ ಎನ್ನುತ್ತಿದ್ದಾರೆ ಅತ್ತೆ.

ನಾನು ಹೋಗುವುದಿಲ್ಲ. ಭಯವೇನೋ ಬಹಳ ಇದೆ. ಆದರೆ ನಿನ್ನೆ ಹೂವಿ ಅತ್ತೆಯ ಕೈ ಬಿಡಿಸಿಕೊಂಡು, ಅಳುತ್ತಲೇ ಅಂಬೆಗಾಲಿಟ್ಟು ನನ್ನ ಬಳಿಗೇ ಬಂದಳು. ಸಿದ್ದು ಒಂದು ಸಲವೂ ಹಾಗೆ ಬಂದಿರಲಿಲ್ಲ. ಅವನಿಗೆ ಬರುವ ಅಗತ್ಯವೇ ಬಿದ್ದಿರಲಿಲ್ಲ.

ತಾಯಂದಿರೇ, ಜೀವವನ್ನು ತಿದ್ದಲು ಶುರುಮಾಡುವ ಮೊದಲೇ ಎಲ್ಲಿ ನಿಲ್ಲಬೇಕೆಂದು ಮಾತಾಡಿಕೊಳ್ಳಿ. ಶುರುವಾದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ನನ್ನ ಸ್ವಂತದ ಬೇಡಿಕೆ ಸಣ್ಣದು, ಒಂದು ಸಂಗತಿ ಕಲಿಸಿಕೊಡಿ. ನಮ್ಮ ಹಿರಿಯರು ಇದನ್ನು ಮಾಡಿ ತೋರಿಸಲಿಲ್ಲ, ನಿಮ್ಮ ಪುಸ್ತಕಗಳಲ್ಲೂ ಸಿಗಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರು ಬರೆದಿಡುತ್ತಾರೆ? ಬಿದ್ದು ಅಳುವ ಮಗುವನ್ನು ಎತ್ತಿಕೊಳ್ಳಬೇಕು ಎಂಬಷ್ಟು ತಾನಾಗಿ ತಿಳಿಯಿತು. ಎತ್ತಿಕೊಂಡ ಮೇಲೆ ನೀವು ಏನು ಮಾಡುತ್ತಿದ್ದಿರಿ?